ಹರಿತಾಳ ರಾಗಿ ಹೊಲ

ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಆ ಊರಿಗೆ ಹರಿತಾ ಸೊಸೆಯಾಗಿ ಬಂದದ್ದು ಗೌರಿಬಿದನೂರಿನ ಕಡೆಯಿಂದ. ಗಂಡನ ಮನೆಗೆ ಮೂರು ಎಕರೆ ಜಮೀನಿತ್ತು, ಕೊಳವೆಬಾವಿಯಲ್ಲಿ ನೀರೂ ಇತ್ತು. ಆದರೆ ಬೆಳೆಯುತ್ತಿದ್ದುದೆಲ್ಲ ಟೊಮೆಟೊ, ಗುಲಾಬಿ. ಕೊಯ್ದ ದಿನವೇ ಊರು ಬಿಡುವಂಥವು. ಗಂಡ ಮುರಳಿಮೋಹನ್ ಅವನ್ನು ತನ್ನ ಪಿಕಪ್ ಗಾಡಿಗೆ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದ. ಬರುವಾಗ ಚಿಂತಾಮಣಿಯಲ್ಲಿ ನಿಲ್ಲಿಸಿ ಅಕ್ಕಿ, ಬೇಳೆ, ಎಣ್ಣೆ, ಕಡೆಗೆ ಕೊತ್ತಂಬರಿ ಕಟ್ಟನ್ನೂ ಕೊಂಡು ತರುತ್ತಿದ್ದ. ಹರಿತಾಗೆ ಅದು ಸರಿಯಾಗಿಯೇ ಕಂಡಿತ್ತು. ರಾಗಿ ಹಸನು ಮಾಡಿ, ಬೀಸಿಸಿ, ಮುದ್ದೆ ತೊಳಸುವ ತಾಪತ್ರಯ ತನಗಿಲ್ಲವೆಂದು ತವರಿನಲ್ಲಿ ಹೇಳಿಕೊಂಡು ನಗುತ್ತಿದ್ದಳು.

ಡೀಸೆಲ್ ದರ ಏರುತ್ತಾ ಹೋದಂತೆ ಗಾಡಿ ಮನೆಮುಂದೆಯೇ ನಿಲ್ಲುವ ದಿನಗಳು ಹೆಚ್ಚಾದವು. ಎಣ್ಣೆ, ಬೇಳೆಯ ಬೆಲೆ ಕೇಳಿದರೆ ಅಂಗಡಿಯವನೇ ಮುಖ ತಗ್ಗಿಸಿ ಹೇಳುತ್ತಿದ್ದ. ಗ್ಯಾಸ್ ಮುಗಿದರೆ ಹೊಸ ಸಿಲಿಂಡರ್ ತರಿಸುವುದನ್ನು ಮುಂದೂಡುತ್ತಿದ್ದರು. ಮೊದಲ ಮಳೆ ಬಿದ್ದ ಹೊಸತರಲ್ಲಿ ಒಂದು ದಿನ ಬೇಳೆ ಡಬ್ಬಿ ಬರಿದಾಗಿ, ಸಾರಿಗೆ ಏನು ಮಾಡುವುದೆಂದು ತೋಚದೆ ಹರಿತಾ ಹೊಲದ ಕಡೆ ಹೊರಟಳು.

ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಂಗಮ್ಮ ಸೊಪ್ಪು ಕೀಳುತ್ತಿದ್ದಳು. ಊರ ಪಕ್ಕದ ಕಾಲನಿಯವಳು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಮಗಳು ಅಮೃತ ಚಿಕ್ಕಬಳ್ಳಾಪುರದಲ್ಲಿ ನರ್ಸ್. ಕೈಯಲ್ಲಿ ನಾಲ್ಕು ಕಾಸಿದ್ದರೂ ತಮ್ಮ ತುಂಡು ಜಮೀನಿನಲ್ಲಿ ರಾಗಿ ಬಿತ್ತುವುದನ್ನು ಮಂಗಮ್ಮ ಬಿಟ್ಟಿರಲಿಲ್ಲ.

"ಏನಮ್ಮ, ಇವತ್ತು ಸಾರೇನು?" ಎಂದಳು.

"ಬೇಳೆನೇ ಇಲ್ಲ ಮಂಗಮ್ಮ. ಏನ್ ಮಾಡ್ಲಿ ಅಂತ ನಿಂತಿದೀನಿ."

"ಇಷ್ಟೊಂದು ಸೊಪ್ಪು ಇಟ್ಕೊಂಡು ಹಂಗಂತೀಯಲ್ಲಮ್ಮ. ಸೆರಗು ಹಿಡಿ."

ಅಣ್ಣೆ ಸೊಪ್ಪು, ಹೊನಗೊನ್ನೆ, ಗೋಣಿ ಸೊಪ್ಪು, ಹರಿತಾಗೆ ಹೆಸರು ಮರೆತಿದ್ದ ಇನ್ನೂ ಏನೇನೋ ಸೆರಗಿಗೆ ಬಿದ್ದವು. "ಇದಕ್ಕೆ ಹುರುಳಿಕಾಳು ಹಾಕ್ಬೇಕು. ಬಾ, ಮನೇಲೈತೆ ಕೊಡ್ತೀನಿ." ಹರಿತಾ ಮಂಗಮ್ಮನ ಅಂಗಳದಲ್ಲಿ ನಿಂತೇ ಕಾಳು ಹಾಕಿಸಿಕೊಂಡು ಬಂದಳು.

ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಪಕ್ಕದ ಮನೆಯವರ ಹಿತ್ತಿಲಲ್ಲಿ ರಾಶಿ ಬಿದ್ದಿತ್ತು. ಒಂದು ಹೊರೆ ಕೇಳಿ ತಂದು, ಮನೆ ಹಿಂದಿನ ಮಣ್ಣಿನ ಒಲೆ ಒರೆಸಿ ಹಚ್ಚಿದಳು. ಮಧ್ಯಾಹ್ನ ಮುರಳಿ ತಲೆಯೆತ್ತದೆ ಉಂಡ. ತೆಲುಗು ಮನೆಮಾತಿನ ಅತ್ತೆ ವೆಂಕಟರತ್ನಮ್ಮ ಮೊದಲ ತುತ್ತಿಗೇ ಸೊಸೆಯ ಮುಖ ನೋಡಿದರು.

"ಏಮೇ, ನಮ್ಮಮ್ಮ ಮಾಡ್ತಿದ್ದ ಬೆರಕೆ ಸೊಪ್ಪಿನ ಸಾರು ಕಣೇ ಇದು! ಹುರುಳಿ ಎಲ್ಲಿಂದ ಬಂತು?"

"ಮಂಗಮ್ಮ ಕೊಟ್ರು ಅತ್ತೆ."

ವೆಂಕಟರತ್ನಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಈ ಮನೆಯಿಂದ ಕಾಲನಿಗೆ ಕೂಲಿ ಕಾಳು ಅಳೆದುಕೊಟ್ಟದ್ದು ಗೊತ್ತೇ ಹೊರತು ಅಲ್ಲಿಂದ ಕಾಳು ಬಂದದ್ದು ಅವರಿಗೆ ನೆನಪಿರಲಿಲ್ಲ. ಆದರೂ ಪೂರ್ತಿ ಉಂಡೆದ್ದರು.

ಬಿತ್ತನೆಯ ಕಾಲಕ್ಕೆ ಹರಿತಾ ಗಂಡನ ಹತ್ತಿರ ಅರ್ಧ ಎಕರೆ ಕೇಳಿದಳು.

"ಟೊಮೆಟೊ ಬಿಟ್ಟು ರಾಗಿನಾ? ತಮಾಷೆ ಮಾಡ್ತಿದೀಯಾ?"

"ಮಾರೋಕಲ್ಲ ಕಣ್ರೀ, ತಿನ್ನೋಕೆ. ನಡ್ಕೊಂಡೇ ಮನೆಗೆ ಬರೋ ಊಟ. ಡೀಸೆಲ್ ಹಾಕಂಗಿಲ್ಲ."

ಮುರಳಿ ನಕ್ಕು ಒಪ್ಪಿದ. ರಾಗಿ, ಅವರೆ, ತೊಗರಿ, ಹುಚ್ಚೆಳ್ಳು, ನಾಲ್ಕೂ ಬೀಜ ಮಂಗಮ್ಮನ ಮಡಕೆಗಳಿಂದಲೇ ಬಂದವು. ರಾಗಿಯ ನಡುವೆ ಅವರೆ ಸಾಲು ಎಷ್ಟು ದೂರಕ್ಕೆ ಬಿಡಬೇಕೆಂದು ಮಂಗಮ್ಮ ತಾನೇ ಬಂದು ತೋರಿಸಿದಳು. "ಬೆಳೆದ್ಮೇಲೆ ಬೀಜ ವಾಪಸ್ ಕೊಡಮ್ಮ, ಇನ್ಯಾರಿಗಾದ್ರೂ ಆಗುತ್ತೆ" ಎಂದದ್ದಷ್ಟೇ.

ಆ ವರ್ಷ ರಾಗಿ ಚೆನ್ನಾಗಿ ಬಂತು. ಇಬ್ಬನಿ ಬೀಳುವ ಹೊತ್ತಿಗೆ ಸೊಗಡಿನ ಅವರೆಕಾಯಿ ಕೈಗೆ ಅಂಟುತ್ತಿತ್ತು. ಮೊದಲ ಬುಟ್ಟಿಯನ್ನೂ ರಾಗಿ ಬೀಜವನ್ನೂ ಹೊತ್ತು ಹರಿತಾ ಕಾಲನಿಗೆ ಹೋದಳು. ರಜೆಗೆ ಬಂದಿದ್ದ ಅಮೃತ ಊಟಕ್ಕೆ ತಟ್ಟೆ ಹಾಕುತ್ತಿದ್ದಳು.

"ಒಳಗೆ ಬನ್ನಿ ಅಕ್ಕ, ಊಟ ಮಾಡ್ಕೊಂಡು ಹೋಗಿ."

ಹರಿತಾ ಹೊಸ್ತಿಲಲ್ಲಿ ನಿಂತಳು. ಇಷ್ಟು ವರ್ಷದಲ್ಲಿ ಅವಳು ಅಂಗಳ ದಾಟಿರಲಿಲ್ಲ. ದಾಟು ಎಂದು ಯಾರೂ ಹೇಳಿರಲಿಲ್ಲ, ಬೇಡವೆಂದು ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಮಂಗಮ್ಮ ಕರೆಯಲಿಲ್ಲ, ಒತ್ತಾಯಿಸಲೂ ಇಲ್ಲ. ಒಂದು ಚಾಪೆ ಬಿಡಿಸಿ ಹಾಕಿದಳು. ಹರಿತಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತಳು. ಬುದ್ಧನ ಪಟದ ಕೆಳಗೆ ಮೂವರೂ ಮುದ್ದೆ ಉಂಡರು. ತನ್ನ ಮನೆಯ ಒಲೆ ಈ ವರ್ಷ ಉರಿದದ್ದು ಇವರಿಂದ ಎಂದು ಹೇಳಬೇಕೆನಿಸಿತು. "ನೀವಿಲ್ದಿದ್ರೆ..." ಎಂದು ಶುರುಮಾಡಿದಳು.

"ಮೊದ್ಲು ಊಟ ಮಾಡಮ್ಮ, ಆರೋಗುತ್ತೆ," ಎಂದಳು ಮಂಗಮ್ಮ.

ಮನೆಗೆ ಬಂದು, ಅಲ್ಲಿ ಉಂಡದ್ದನ್ನು ಅತ್ತೆಗೆ ಮುಚ್ಚಿಡದೆ ಹೇಳಿದಳು. ವೆಂಕಟರತ್ನಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ತಾವಾಗಿಯೇ, "ಸಂಕ್ರಾಂತಿಗೆ ಮಂಗಮ್ಮನ್ನ ಊಟಕ್ಕೆ ಕರಿ" ಎಂದರು.

ಅಷ್ಟರಲ್ಲಿ ಮುರಳಿಯ ಗಾಡಿ ಹೆಚ್ಚಾಗಿ ಚಿಂತಾಮಣಿಯವರೆಗೇ ಓಡತೊಡಗಿತ್ತು, ಸುತ್ತಲ ಊರಿನ ತರಕಾರಿ ಸುತ್ತಲ ಊರಿಗೇ. ಸಂಪಾದನೆ ಹೆಚ್ಚಿರಲಿಲ್ಲ, ಆದರೆ ಮನೆಯ ಪಾತ್ರೆ ಖಾಲಿಯಿರುತ್ತಿರಲಿಲ್ಲ.

ಸಂಕ್ರಾಂತಿಯ ದಿನ ಮಂಗಮ್ಮ ಬಂದು ಜಗುಲಿಯಲ್ಲೇ ನಿಂತಳು. "ಅಲ್ಲೇ ಯಾಕೆ? ಲೋಪಲಿಕಿ ರಾ, ಒಳಗೆ ಬಾ ಮಂಗಮ್ಮ," ಎಂದು ವೆಂಕಟರತ್ನಮ್ಮ ಕೈಹಿಡಿದು ಕರೆತಂದು ನಡುಮನೆಯಲ್ಲಿ ಕೂರಿಸಿ, ಹಿದುಕಿದ ಅವರೆಬೇಳೆಯ ಸಾರು ತಾವೇ ಬಡಿಸಿದರು.

ಮಂಗಮ್ಮ ಎರಡು ತುತ್ತು ಉಂಡಳು. "ಅಕ್ಕ, ಉಪ್ಪು ಒಂಚೂರು ಕಮ್ಮಿ ಐತೆ."

"ಈ ಹರಿತಾ ಯಾವತ್ತೂ ಹಿಂಗೇ ಕಣೇ!" ಎಂದು ನಗುತ್ತಾ ವೆಂಕಟರತ್ನಮ್ಮ ಉಪ್ಪು ತರಲು ಎದ್ದರು.