ತಟ್ಟೆಯಲ್ಲಿ ಮುಂದೆ ತಳ್ಳಿದ ಚೀಟಿ

ಇಸ್ಪೀಟು ಆಡುವುದು ಪಾಪವೆಂದು ಭಾನುವಾರದ ಬೈಬಲ್ ತರಗತಿಯ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ನಮಗೆ ಬೇಕಾದ ಎಲೆಯನ್ನೇ ಎದುರಿನವನಿಂದ ಎತ್ತಿಸುವ ಕೈಚಳಕವನ್ನು ಹರೆಯದಲ್ಲಿ ಹತ್ತಿ ಮಿಲ್ಲಿನ ಗೇಟಿನ ಬಳಿ ಚೆನ್ನಾಗಿಯೇ ಕಲಿತಿದ್ದೆ. ಅದನ್ನು ಕೊನೆಯ ಸಲ ಬಳಸಿದ್ದು ಪ್ರಾರ್ಥನಾ ಮಂದಿರದಲ್ಲಿ, ಹೆತ್ತ ಮಗಳ ಮೇಲೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆ, ಹತ್ತಿರದಲ್ಲೇ ನಮ್ಮ ಸಣ್ಣ ಕ್ರೈಸ್ತ ಸಭೆ. ನಾನು ಅದರ ಹಿರಿಯ. ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ನಮ್ಮದೊಂದು ಪದ್ಧತಿ. ದೇವರ ವಾಕ್ಯ ಬರೆದ ಚೀಟಿಗಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಬೆಂಚಿನಿಂದ ಬೆಂಚಿಗೆ ಒಯ್ಯುತ್ತೇವೆ. ಯಾರ ಕೈಗೆ ಯಾವುದು ಬಂತೋ ಅದೇ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಅಕ್ಷರ ದುಂಡಗಿದೆಯೆಂದು ಬರೆಯುವವನು ನಾನು, ಹಿರಿಯನೆಂದು ತಟ್ಟೆ ಹಿಡಿಯುವವನೂ ನಾನೇ. ಶಿಕ್ಷೆ, ಗೋಳು, ಮಿಡತೆ ಕಾಟದ ವಾಕ್ಯಗಳನ್ನು ನಾನು ಬರೆಯುತ್ತಿರಲಿಲ್ಲ. ಹಬ್ಬದ ದಿನ ದೇವರಿಗೆ ಕೆಟ್ಟ ಹೆಸರು ಯಾಕೆ? ಇಷ್ಟಾದರೂ ಕೆಲವರು ಓದಿ, ಮುಖ ಹುಳ್ಳಗೆ ಮಾಡಿ, ಚೀಟಿಯನ್ನು ವಾಪಸ್ ಹಾಕಿ ಇನ್ನೊಂದು ಎತ್ತುತ್ತಿದ್ದರು.

"ನಿಮಗೇನು ಬಂತ್ರಿ?"

"ಸಮೃದ್ಧಿ. ನಿಮಗ?"

"ತಾಳ್ಮೆ."

"ಅಯ್ಯೋ, ಪಾಪ!"

ಪಕ್ಕದ ಮನೆಯವರು ಗುಡಿಯಲ್ಲಿ ಪ್ರಸಾದ ಕೇಳಿ, ಹೂವು ಬಲಕ್ಕೆ ಬೀಳುವುದನ್ನೇ ಕಾಯುತ್ತಾ ಕೂತರೆ ನನಗೆ ನಗು. ಅವರು ಹೂವನ್ನು ಬೆರಳಿನಿಂದ ತಳ್ಳುತ್ತಿರಲಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ.

ಮಕ್ಕಳಿಗೆ ಮೂರು ಮಾತು ಬಾಯಿಪಾಠ ಮಾಡಿಸುತ್ತಿದ್ದೆ. ದೇವರಿದ್ದಾನೆ ಅನ್ನುವುದು ನಂಬಿಕೆ. ಅವನು ಹೇಳಿದ್ದು ನಿಜ ಅನ್ನುವುದು ವಿಶ್ವಾಸ. ಅವನ ಕೈಗೆ ಬಿಟ್ಟು ಸುಮ್ಮನಿರುವುದು ಭರವಸೆ. ನನ್ನ ಮಗಳೂ ಅದೇ ತರಗತಿಯಲ್ಲಿ ಕೂತು ಕಲಿತವಳು. ಪಾಠ ಹೇಳಿದವನು ಮೂರನೆಯದರಲ್ಲಿ ಫೇಲು.

ಆಗ ಅವಳು ಶಿಶುವಿಹಾರದಲ್ಲಿ ಟೀಚರಾಗಿದ್ದಳು. ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಕಾರ್ಖಾನೆ ಕೆಲಸ, ಕ್ವಾರ್ಟರ್ಸು, ಅಡುಗೆಮನೆಯೊಳಗೇ ನಲ್ಲಿ. ನಾನು ಆ ನಲ್ಲಿಗೆ ಮರುಳಾದೆ. ಹೆಣ್ಣು ನೋಡಲು ಬಂದ ಹುಡುಗ, ಉಪ್ಪಿಟ್ಟಿಗೆ ಉಪ್ಪು ಸಾಲದು ಎಂದನೇ ಹೊರತು ಅವಳನ್ನು ಒಂದು ಮಾತೂ ಕೇಳಲಿಲ್ಲ.

"ಮನಸ್ಸು ಒಪ್ತಿಲ್ಲಪ್ಪ," ಅಂದಳು ಮಗಳು. "ಹೊಸ ವರ್ಷದ ಚೀಟಿ ಬರ್ಲಿ. ದೇವರು ಹೋಗು ಅಂದ್ರೆ ಹೋಗ್ತೀನಿ."

ಇಂಥ ಮಗಳನ್ನು ಪಡೆದ ಸಭೆಯ ಹಿರಿಯ ಹಿಗ್ಗಬೇಕಿತ್ತು. ನಾನು ಹೆದರಿದೆ. ದೇವರು ಏನೆನ್ನುತ್ತಾನೋ ಯಾರಿಗೆ ಗೊತ್ತು? ಅವನೇನು ಆ ನಲ್ಲಿ ನೋಡಿದ್ದಾನೆಯೇ?

ಇದ್ದ ಮನೆ ಬಿಟ್ಟು, ಕರೆದ ಊರಿಗೆ ಹೆದರದೆ ಹೊರಡು ಎನ್ನುವ ಅರ್ಥದ ವಾಕ್ಯವೊಂದನ್ನು ಹುಡುಕಿ ಬರೆದೆ. ಗುರುತಿಗೆ ಚೀಟಿಯ ಮೂಲೆ ಕತ್ತರಿಸಿದೆ. ಹೊಸ ವರ್ಷದ ದಿನ ಅದನ್ನು ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿದು, ಮಗಳ ಮುಂದೆ ಬಂದಾಗ ಮೆಲ್ಲಗೆ ಮುಂದಕ್ಕೆ ತಳ್ಳಿದೆ. ಅವಳು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ಮುಗಿಯಲೇ ಇಲ್ಲ. ಪಕ್ಕದಲ್ಲಿದ್ದ ವಿಧವೆ ಅಜ್ಜಿಗೆ ತಾಳ್ಮೆ ಕೆಟ್ಟಿತು.

"ಎಷ್ಟೊತ್ತೇ ತಾಯಿ? ದೇವರಿಗೆ ಬೇರೆ ಕೆಲಸ ಇಲ್ಲೇನು?" ಎಂದವಳೇ ಕೈ ಹಾಕಿ, ಮುಂದಿದ್ದ ನನ್ನ ಚೀಟಿಯನ್ನೇ ಎತ್ತಿಕೊಂಡಳು.

ಅಜ್ಜಿಗೆ ಓದಲು ಬಾರದು. ಚೀಟಿಯನ್ನು ಮಗಳ ಕೈಗೇ ಕೊಟ್ಟಳು. ಮಗಳು ಓದಿ ಹೇಳಿದಳು. ಆಮೇಲೆ ಕತ್ತರಿಸಿದ ಮೂಲೆ ನೋಡಿದಳು, ನನ್ನ ಮುಖ ನೋಡಿದಳು. ತನ್ನದೊಂದು ಎತ್ತಿಕೊಂಡಳು. ಸುಮ್ಮನೆ ಕಾದಿರು ಎಂಬಂಥದ್ದೇನೋ ಅದರಲ್ಲಿತ್ತು.

"ಹೋಗು ಅಂದಾನೇನೇ?" ಅಜ್ಜಿ ಎದ್ದೇ ನಿಂತಳು. "ಹಂಗಾದ್ರೆ ನಾ ಹೊಂಟೆ!"

ಅವಳು ಮಗನ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳ ಪಕ್ಕ ಮಲಗುತ್ತಿದ್ದವಳು. ಹರಿಹರದಲ್ಲಿ ಒಂಟಿಯಾಗಿದ್ದ ತಂಗಿ ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಮರುದಿನವೇ ಟ್ರಂಕು ಹೊರಿಸಿಕೊಂಡು ಬಸ್ಸು ಹತ್ತಿದಳು. ನಾನು ಬಯಸಿದಂತೆಯೇ ನನ್ನ ಚೀಟಿ ಒಬ್ಬಳನ್ನು ಹರಿಹರಕ್ಕೆ ಕಳಿಸಿತು. ಮಗಳು ಸಂಬಂಧ ಬ್ಯಾಡ ಅಂದಳು. ಪಾಸ್ಟರಿಗೆ ನಾನು "ದೇವರ ಚಿತ್ತ" ಅಂದೆ, ಹಲ್ಲು ಕಚ್ಚಿಕೊಂಡು.

ಆಮೇಲೆ ಹೆದರಿಕೆ ಶುರುವಾಯಿತು. ಮುದುಕಿ ಅಲ್ಲಿ ಬಿದ್ದು ಕೈಕಾಲು ಮುರಿದುಕೊಂಡರೆ? ಕೊನೆಗೆ ನಾನೇ ಹರಿಹರಕ್ಕೆ ಹೋದೆ. ಅಕ್ಕ ತಂಗಿ ಅಂಗಳದಲ್ಲಿ ಸಂಡಿಗೆ ಇಡುತ್ತಾ ಖುಷಿಯಾಗಿ ಜಗಳವಾಡುತ್ತಿದ್ದರು. ಮಾಡಿದ್ದನ್ನೆಲ್ಲ ಹೇಳಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು.

"ಎಲ್ಲಾ ಚೀಟಿನೂ ನಿನ್ನ ಅಕ್ಷರನೇ ಅಲ್ಲೇನೋ? ನೀನು ಸಾಚಾ ಅಂತ ಎತ್ತಿದ್ನಾ? ಮ್ಯಾಲಿನವನು ಸಾಚಾ ಅಂತ ಎತ್ತಿದೆ. ನಿನ್ನ ಕಳ್ಳತನ ನನಗ್ಯಾಕ ಹೇಳ್ತಿ? ಹೋಗು, ಮಗಳಿಗೆ ಹೇಳು."

ಹೇಳಿದೆ. ಮಗಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಾತು. ಅಷ್ಟು ಕದ್ದು ತಳ್ತೀರಿ ಅಂದ್ರೆ ಆ ಹುಡುಗನ ಮೇಲೆ ನಿಮಗೂ ಭರವಸೆ ಇಲ್ಲ ಅಂತಾನೇ ಅಲ್ವಾ? ಬ್ಯಾಡ ಅಂದಿದ್ದು ಅದಕ್ಕೇ." ಹೆಚ್ಚಿದ್ದನ್ನು ಬಾಣಲೆಗೆ ಹಾಕಿ ಅಂದಳು, "ಮುಂದಿನ ವರ್ಷ ಚೀಟಿ ನಾನು ಬರೀತೀನಿ. ತಟ್ಟೆನೂ ನಾನೇ ಹಿಡೀತೀನಿ."

ಹಾಗೇ ಆಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಒಳಗೇನಿದೆಯೆಂದು ತಿಳಿಯದ ತಟ್ಟೆ ನನ್ನ ಮುಂದೆ ಬಂತು. ಒಂದು ಚೀಟಿ ಮಿಕ್ಕವುಗಳಿಗಿಂತ ಸ್ವಲ್ಪ ಮುಂದಿದ್ದಂತೆ ಕಂಡಿತು. ಅದನ್ನೇ ಎತ್ತಿದೆ. ಸುಳ್ಳಾಡುವ ನಾಲಿಗೆಯ ಕುರಿತ ವಾಕ್ಯ. ನಾನು ಎಂದೂ ಬರೆಯದ ಜಾತಿಯದು.

"ನಿಮಗೇನು ಬಂತ್ರಿ?" ಪಕ್ಕದವರು ಬಗ್ಗಿ ನೋಡಿದರು.

ವಾಪಸ್ ಹಾಕಿ ಇನ್ನೊಂದು ಎತ್ತಬೇಕೆನಿಸಿತು. ಮಡಚಿ ಜೇಬಿಗಿಟ್ಟುಕೊಂಡೆ. ಮಗಳು ತಳ್ಳಿದಳೋ, ತಾನಾಗಿ ಬಂತೋ, ಇವತ್ತಿನವರೆಗೂ ಕೇಳಿಲ್ಲ.