ರೋಸಲಿನ್ ಟೀಚರ್ ಕೇಳಿದ ಸೀಟು

ಕಾಪುವಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿ ಎಂದರೆ ರೋಸಲಿನ್ ಟೀಚರ್ ಎಂದೇ ಲೆಕ್ಕ. ಮುಖ್ಯೋಪಾಧ್ಯಾಯರು ಬಂದರು, ವರ್ಗವಾಗಿ ಹೋದರು. ಆ ಕೋಣೆಯಲ್ಲಿ ಮಾತ್ರ ವರ್ಷ ವರ್ಷವೂ ಅದೇ ಎತ್ತರದ, ಸಣಕಲು ಹೆಂಗಸು, ಅದೇ ಗಟ್ಟಿ ದನಿ. ಅವರಿಗೆ ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡಾಗ ಇನ್ನೂ ಚಡ್ಡಿ ಹಾಕುತ್ತಿದ್ದ ತಮ್ಮ ಲಿಗೋರಿಯನ್ನು ಓದಿಸಿ, ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಸಿ, ಹುಡುಗಿ ನೋಡಿ ಮದುವೆ ಮಾಡಿಸಿದವರು ಅವರೇ. ಉದ್ಯಾವರದ ತಮ್ಮನ ಮನೆಯಲ್ಲಿಯೇ ಅವರೂ ಇದ್ದರು. ಬೆಳಿಗ್ಗೆ ಬಸ್ಸು ಹಿಡಿದು ಕಾಪುವಿಗೆ ಹೋದರೆ ಸಂಜೆ ವಾಪಸು. ಲಿಗೋರಿಯ ಒಬ್ಬಳೇ ಮಗಳು ಸೆವ್ರಿನ್ ಬೆಳೆದದ್ದು ಅಮ್ಮನ ಸೊಂಟದಲ್ಲಿ ಎಷ್ಟೋ, ಅತ್ತೆಯ ಸೊಂಟದಲ್ಲಿಯೂ ಅಷ್ಟೇ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ಉಡುಪಿಯಲ್ಲಿ ಒಂದು ಹೈಸ್ಕೂಲಿತ್ತು. ಬೇರೆ ಕಡೆ ಎಂಟನೆಯ ತರಗತಿಗೆ ಸೇರಲು ಏಳನೆಯದು ಪಾಸಾದರೆ ಸಾಕು. ಅಲ್ಲಿಗೆ ಮಾತ್ರ ಮೇ ತಿಂಗಳಲ್ಲಿ ಬೇರೆಯೇ ಪರೀಕ್ಷೆ ಬರೆಯಬೇಕಾಗಿತ್ತು. ಬೆಳಿಗ್ಗೆ ಗಣಿತ, ಆಮೇಲೆ ಕನ್ನಡ. ಅಲ್ಲಿ ಕಲಿತವರು ಬ್ಯಾಂಕಿಗೆ ಸೇರುತ್ತಾರೆ, ಮಣಿಪಾಲದ ಕಾಲೇಜಿಗೆ ಹೋಗುತ್ತಾರೆ ಎಂದು ಹೆಸರಾದ್ದರಿಂದ ಕಾರ್ಕಳ, ಹಿರಿಯಡ್ಕದಿಂದೆಲ್ಲ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ರೋಸಲಿನ್ ಟೀಚರ್ ಪ್ರತಿ ವರ್ಷ ತಮ್ಮ ತರಗತಿಯಿಂದ ಒಬ್ಬರನ್ನೋ ಇಬ್ಬರನ್ನೋ ತಯಾರು ಮಾಡಿ ಕಳಿಸುತ್ತಿದ್ದರು. ಹೆಚ್ಚಿನವರಿಗೆ ಸಿಗುತ್ತಿರಲಿಲ್ಲ. ಸಿಗದಿದ್ದರೆ ಅವರು ಅದರ ಮಾತೆತ್ತುತ್ತಿರಲಿಲ್ಲ. ಮುಂದಿನ ವರ್ಷದ ಮಕ್ಕಳ ಕಡೆ ನೋಡುತ್ತಿದ್ದರು.

ಎಪ್ಪತ್ತಾರರಲ್ಲಿ ಅವರು ಆರಿಸಿದ್ದು ಅಪ್ಪಿಯನ್ನು. ಉಚ್ಚಿಲದ ಕಡಲ ಬದಿಯ ಹುಡುಗಿ. ಅಪ್ಪ ಬೂಬ ದೋಣಿಗೆ ಹೋಗುವವನು, ಅಮ್ಮ ಸುಂದರಿ ಬುಟ್ಟಿ ಹೊತ್ತು ಮೀನು ಮಾರುವವಳು. ಅಪ್ಪಿ ಲೆಕ್ಕ ಮಾಡುವಾಗ ತುಟಿ ಕಚ್ಚುತ್ತಿದ್ದಳು, ಮಾಡಿ ಮುಗಿಸಿ ಕಿಟಕಿಯಾಚೆ ನೋಡುತ್ತಿದ್ದಳು. ಉತ್ತರ ಸರಿಯೋ ಎಂದು ಒಮ್ಮೆಯೂ ಕೇಳಿದವಳಲ್ಲ. ಉಡುಪಿಯ ಪರೀಕ್ಷೆಯ ವಿಷಯ ತೆಗೆದಾಗ ಸುಂದರಿ ತಲೆಯ ಬುಟ್ಟಿ ಇಳಿಸದೆಯೇ ಕೇಳಿದ್ದಳು, “ಅದೆಲ್ಲ ನಮಗೆ ಆಗ್ಲಿಕ್ಕುಂಟಾ ಟೀಚರೇ?” ಬರೆಯಲಿಕ್ಕೆ ಯಾರ ಅಪ್ಪಣೆಯೂ ಬೇಡ, ಆ ದಿನ ಹುಡುಗಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಟೀಚರ್ ಹೇಳಿದರು.

ಅದೇ ಪರೀಕ್ಷೆಗೆ ಸೆವ್ರಿನ್ ಕೂಡ ಕೂರುವವಳಿದ್ದಳು. ಮನೆಯಲ್ಲಿ ಸಂಜೆ ಅವಳಿಗೂ ಪಾಠ ಹೇಳಿಕೊಟ್ಟವರು ಅತ್ತೆಯೇ. ಪರೀಕ್ಷೆಯ ದಿನ ಲಿಗೋರಿ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಉಡುಪಿಗೆ ಹೊರಟ. ರೋಸಲಿನ್ ಅದಕ್ಕಿಂತ ಮೊದಲೇ ಎದ್ದು ಉಡುಪಿಗೆ ಬೆನ್ನು ಹಾಕಿ ಉಚ್ಚಿಲಕ್ಕೆ ಹೋಗಿದ್ದರು, ಅಪ್ಪಿಯನ್ನು ಕರೆತರಲು.

ಮೊದಲು ಬಂದ ಬಸ್ಸಿನ ತುಂಬ ಮದುವೆ ದಿಬ್ಬಣದ ಜನ. ಹುಡುಗಿ ನಲುಗಿಹೋದಾಳು, ಹಿಂದೆ ಇನ್ನೊಂದು ಉಂಟಲ್ಲ ಎಂದು ಟೀಚರ್ ಅದನ್ನು ಬಿಟ್ಟರು. ಹಿಂದೆ ಬಂದ ಬಸ್ಸು ಕಟಪಾಡಿ ಹತ್ತಿರ ಏನೋ ಮುರಿದುಕೊಂಡು ರಸ್ತೆ ಬದಿಗೆ ವಾಲಿ ನಿಂತಿತು. ಬಿಸಿಲಲ್ಲಿ ಕಾದು, ಬಂದ ಲಾರಿಗಳಿಗೆಲ್ಲ ಕೈ ಅಡ್ಡ ಹಿಡಿದು, ಕಡೆಗೆ ಮತ್ತೊಂದು ಬಸ್ಸಿನಲ್ಲಿ ನಿಂತುಕೊಂಡೇ ಅವರು ಹೈಸ್ಕೂಲಿನ ಗೇಟು ಮುಟ್ಟುವಾಗ ಗಣಿತದ ಪರೀಕ್ಷೆ ಮುಗಿಯುತ್ತ ಬಂದಿತ್ತು. ಒಳಗೆ ಬಿಡಲಿಲ್ಲ. ಅಪ್ಪಿ ಜಗಲಿಯ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಕನ್ನಡ ಪರೀಕ್ಷೆಗೆ ಕರೆದಾಗ ಎದ್ದು ಹೋಗಿ ಬರೆದಳು.

ಬರುವ ದಾರಿಯಲ್ಲಿ ಹುಡುಗಿ ಕೇಳಿದ್ದು ಒಂದೇ ಮಾತು. “ಆ ಮೊದಲಿನ ಬಸ್ಸಿಗೆ ಹತ್ತಿದ್ದರೆ ಆಗ್ತಿತ್ತಲ್ವಾ ಟೀಚರ್?” ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ರೋಸಲಿನ್ ಅವರಿಗೆ ಸುಲಭವಾಗುತ್ತಿತ್ತು.

ಫಲಿತಾಂಶ ಹಾಕಿದ ದಿನ ಲಿಗೋರಿಯ ಮನೆಯಲ್ಲಿ ಕೋಳಿ ಕೊಯ್ದರು. ಸೆವ್ರಿನ್‌ಗೆ ಸೀಟು ಸಿಕ್ಕಿತ್ತು. ಹೆಸರು ಎಲ್ಲರ ಕೊನೆಗೆ, ಆದರೆ ಸಿಕ್ಕಿತ್ತು. ರೋಸಲಿನ್ ಸೆವ್ರಿನ್‌ಳ ಹಣೆಗೆ ಮುತ್ತಿಟ್ಟರು, ಊಟ ಮಾಡಿದರು, ಎಲ್ಲರ ಜೊತೆ ಪ್ರಾರ್ಥನೆಗೆ ಮೊಣಕಾಲೂರಿದರು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಉಡುಪಿಗೆ ಹೋಗಿ ಆ ಹೈಸ್ಕೂಲಿನ ಹೆಡ್‌ಮಾಸ್ಟರ್ ಅನಂತಪದ್ಮನಾಭ ರಾಯರ ಎದುರು ನಿಂತರು.

ರಾಯರು ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ಅಪ್ಪಿಯ ಕನ್ನಡ ಉತ್ತರ ಚೆನ್ನಾಗಿತ್ತೆಂದು ಅವರೇ ಹೇಳಿದರು. ಆದರೆ ತಡವಾಗಿ ಬಂದವರಿಗೆ ಗಣಿತ ಇನ್ನೊಮ್ಮೆ ಕೊಡುವುದು ತಮ್ಮ ಕೈಯಲ್ಲಿಲ್ಲ, ಆಡಳಿತ ಮಂಡಳಿಗೆ ಹುಡುಗಿಯ ಮನೆಯವರು ಮನವಿ ಕೊಡಬಹುದು ಎಂದರು. ಟೀಚರ್ ಹೊರಡುವಾಗ ಅವರು ತಡೆದು ಕೇಳಿದರು.

“ಟೀಚರ್, ಸೀಟು ಒಂದು ಹೆಚ್ಚು ಮಾಡ್ಲಿಕ್ಕೆ ಬರುವುದಿಲ್ಲ. ಆ ಹುಡುಗಿ ಒಳಗೆ ಬಂದರೆ ಕೊನೆಯವಳು ಹೊರಗೆ ಹೋಗಬೇಕಾಗ್ತದೆ. ಕೊನೆಯ ಹೆಸರು ಯಾರದ್ದು, ನೋಡಿದ್ದೀರಾ?”

“ನೋಡಿದ್ದೇನೆ ಸರ್. ನಮ್ಮ ಮನೆಯದ್ದೇ ಮಗು.”

ರಾಯರು ಮಂಡಳಿ ಸೇರುವ ದಿನವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಅಲ್ಲಿಂದ ಮನೆಗೆ ಬರುವ ಬದಲು ಅವರು ಉಚ್ಚಿಲಕ್ಕೆ ಹೋದರು. ಬೂಬ ಬಲೆ ಹೆಣೆಯುತ್ತ ಕುಳಿತಿದ್ದವನು, ಸಿಗದಿದ್ದರೆ ಬೇಡ ಬಿಡಿ, ದೊಡ್ಡವರ ಎದುರು ಹೋಗಿ ಎಂತ ಮಾತಾಡುವುದು ಎಂದ. ಸುಂದರಿಯೇ ಕೈ ಒರೆಸಿಕೊಂಡು ಬಂದು ಮನವಿಗೆ ಹೆಬ್ಬೆಟ್ಟು ಒತ್ತಿದಳು. ಕೊನೆಯ ಹೆಸರು ಯಾರದೆಂದು ಟೀಚರ್ ಅವಳಿಗೆ ತಿಳಿಸಲಿಲ್ಲ. ತಿಳಿದಿದ್ದರೆ ಅವಳು ಒತ್ತುತ್ತಿರಲಿಲ್ಲ.

ಮಂಡಳಿಯ ಸಭೆಗೆ ಸುಂದರಿ ಒಗೆದ ಸೀರೆ ಉಟ್ಟು ಬಂದು ಗೋಡೆಗೆ ಒತ್ತಿ ನಿಂತಳು. ಮಾತಾಡಿದ್ದು ಟೀಚರ್. ಸದಸ್ಯರೊಬ್ಬರು, ಬಸ್ಸು ಕೆಟ್ಟದ್ದಕ್ಕೆ ಶಾಲೆ ಹೊಣೆಯೋ ಎಂದು ಕೇಳಿದರು.

“ಅಲ್ಲ. ಮಗುವೂ ಅಲ್ಲ,” ಎಂದರು ರೋಸಲಿನ್. “ಮೊದಲು ಬಂದ ಬಸ್ಸನ್ನು ಹತ್ತದೆ ಬಿಟ್ಟವಳು ನಾನು.”

ಸಭೆಯವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಹೊಸ ಪ್ರಶ್ನೆಗಳನ್ನು ಕೊಟ್ಟು ಗಣಿತ ಬರೆಸುವುದೆಂದು ತೀರ್ಮಾನಿಸಿದರು. ಹೆಡ್‌ಮಾಸ್ಟರರ ಕೋಣೆಯಲ್ಲಿ, ಅವರ ಮೇಜಿನ ಇನ್ನೊಂದು ಬದಿಗೆ ಕುಳಿತು ಅಪ್ಪಿ ತುಟಿ ಕಚ್ಚಿಕೊಂಡು ಬರೆದಳು. ಶಾಲೆ ತೆರೆಯುವ ಮೊದಲಿನ ಶನಿವಾರ ಹೊಸದಾಗಿ ಬೋರ್ಡಿಗೆ ಹಾಕಿದ ಹೆಸರುಗಳಲ್ಲಿ ಅಪ್ಪಿಯದು ಸುಮಾರು ಮೇಲೆಯೇ ಇತ್ತು. ಸೆವ್ರಿನ್‌ಳದು ಇರಲಿಲ್ಲ.

ಮಗಳಿಗೆ ಯೂನಿಫಾರಮ್ಮಿನ ಬಟ್ಟೆ ತರಲು ಉಡುಪಿಗೆ ಹೋಗಿದ್ದ ಲಿಗೋರಿ ಅದನ್ನು ಅಲ್ಲಿಯೇ, ಬೋರ್ಡಿನ ಮುಂದೆ, ನಾಲ್ಕು ಜನರ ನಡುವೆ ನಿಂತು ಓದಿದ. ಯಾರು ಮನವಿ ಕೊಡಿಸಿದ್ದೆಂದು ಶಾಲೆಯ ಜವಾನ ದೇಜಪ್ಪ ಹೇಳಿದ. ಮನೆಗೆ ಬಂದು ಬಟ್ಟೆಯ ಕಟ್ಟನ್ನು ಮೇಜಿನ ಮೇಲಿಟ್ಟು ಅಕ್ಕನನ್ನು ತಮ್ಮ ಕೊಂಕಣಿಯ ರೂಢಿಯಂತೆ ಬಾಯಿ ಎಂದೇ ಕರೆದು ಕೇಳಿದ, “ಬಾಯಿ, ಇದು ಹೌದಾ?”

ಹೌದು ಎಂದರು.

ಅವನು ಕೂಗಲಿಲ್ಲ. ಕೂಗುವವನಾಗಿದ್ದರೆ ಒಂದು ವಾರದಲ್ಲಿ ತಣ್ಣಗಾಗುತ್ತಿದ್ದನೇನೋ. ಅಂದಿನಿಂದ ಅವನು ಅಕ್ಕ ಕುಳಿತ ಮೇಜಿಗೆ ಊಟಕ್ಕೆ ಬರಲಿಲ್ಲ. ಅವನ ಹೆಂಡತಿ ತಟ್ಟೆ ಬಡಿಸಿ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಸೆವ್ರಿನ್ ಊರಿನ ಹೈಸ್ಕೂಲಿಗೆ ಸೇರಿದಳು. ಸಂಜೆ ಪುಸ್ತಕ ಹಿಡಿದು ಅತ್ತೆಯ ಬಳಿ ಬರುವುದನ್ನು ಬಿಟ್ಟಳು. ಮಳೆಗಾಲ ಮುಗಿಯುವ ಮೊದಲೇ ರೋಸಲಿನ್ ಕಾಪುವಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಟ್ರಂಕು ಸಾಗಿಸಿದರು. ಹೊರಡುವಾಗ ಯಾರೂ ಹೋಗಬೇಡಿ ಎನ್ನಲಿಲ್ಲ.

ಅಪ್ಪಿ ಎಂಟನೆಯದರಲ್ಲಿ ಚೆನ್ನಾಗಿಯೇ ಓದಿದಳು. ಒಂಬತ್ತನೆಯದರಲ್ಲಿದ್ದಾಗ ಬೂಬ ಹೋಗಿದ್ದ ದೋಣಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಅವನು ಸೇರಲಿಲ್ಲ. ಸುಂದರಿ ಹಾಸಿಗೆ ಹಿಡಿದಳು. ಕೆಳಗೆ ಸಣ್ಣ ಮಕ್ಕಳಿದ್ದರು. ಅಪ್ಪಿ ಶಾಲೆ ಬಿಟ್ಟು ಅಮ್ಮನ ಬುಟ್ಟಿ ಹೊತ್ತಳು.

ರೋಸಲಿನ್ ಮೂರು ಸಲ ಉಚ್ಚಿಲಕ್ಕೆ ಹೋಗಿ ಬಂದರು. ಮೂರನೆಯ ಸಲ ಹುಡುಗಿ ಅಂಗಳದಲ್ಲಿ ನಿಂತು ನೆಲ ನೋಡುತ್ತ, ಇನ್ನು ಬರಬೇಡಿ ಟೀಚರ್, ನಿಮ್ಮನ್ನು ಕಂಡರೆ ನನಗೆ ಅಳು ಬರ್ತದೆ, ಅಳುತ್ತ ಕೂತರೆ ಮೀನು ಹಾಳಾಗ್ತದೆ ಎಂದಳು. ಟೀಚರ್ ಮತ್ತೆ ಹೋಗಲಿಲ್ಲ.

ಉದ್ಯಾವರದಲ್ಲಿ ಜನ ಆಡಿಕೊಂಡರು. ಆ ಸೀಟು ಅತ್ತ ಅವಳಿಗೂ ಆಗಲಿಲ್ಲ, ಇತ್ತ ಸ್ವಂತ ಮನೆಯ ಮಗುವಿಗೂ ಇಲ್ಲ ಎಂದು ಭಾನುವಾರದ ಪೂಜೆ ಮುಗಿದು ಇಗರ್ಜಿಯ ಮೆಟ್ಟಿಲಲ್ಲೇ ಅವರ ಕಿವಿಗೆ ಬೀಳುವಂತೆ ಹೇಳಿದವರುಂಟು. ಮುಂದೆ ಏನಾದೀತೆಂದು ನೋಡಿ ರೋಸಲಿನ್ ಆ ಸೀಟು ಕೇಳಿರಲಿಲ್ಲ. ಬರೆಯಲು ಬಿಡದ ಪರೀಕ್ಷೆಯನ್ನು ಬರೆಯಲು ಬಿಡಿ ಎಂದು ಕೇಳಿದ್ದರು, ಅಷ್ಟೇ. ಆದರೂ ಕಾಪುವಿನ ಕೋಣೆಯಲ್ಲಿ ಒಬ್ಬರೇ ಊಟಕ್ಕೆ ಕೂತಾಗ ಆ ಮಾತು ಎಷ್ಟೋ ಸಲ ಎದುರಿಗೆ ಬಂದು ಕೂರುತ್ತಿತ್ತು. ಪ್ರತಿ ಮೇ ತಿಂಗಳು ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ಯುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ.

ಹೀಗೆ ಹತ್ತು-ಹನ್ನೊಂದು ವರ್ಷ ಕಳೆಯಿತು. ಸೆವ್ರಿನ್ ನರ್ಸಿಂಗ್ ಕಲಿತು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ ಸುದ್ದಿ ಟೀಚರಿಗೆ ಬೇರೆಯವರಿಂದ ತಿಳಿಯಿತು. ಎಂಬತ್ತೇಳರ ಒಂದು ಮಧ್ಯಾಹ್ನ ಅವಳೇ ಶಾಲೆಯ ಬಾಗಿಲಲ್ಲಿ ಬಂದು ನಿಂತಳು. ಕಾರ್ಖಾನೆಯ ಧೂಳು ಕುಡಿದು ಕುಡಿದು ಲಿಗೋರಿಯ ಎದೆ ಕೆಟ್ಟಿತ್ತು, ಮಣಿಪಾಲದ ಆಸ್ಪತ್ರೆಯಲ್ಲಿದ್ದ. ಅಪ್ಪ ಕರೆಯಲಿಲ್ಲ, ನಾನೇ ಬಂದೆ ಎಂದಳು ಸೆವ್ರಿನ್.

ಲಿಗೋರಿ ದಿಂಬಿಗೆ ಒರಗಿ ಕುಳಿತಿದ್ದ. ಅಕ್ಕನನ್ನು ಕಂಡು ಕಾಲು ಮಡಿಸಿಕೊಂಡು ಮಂಚದ ಮೇಲೆ ಜಾಗ ಮಾಡಿದ. ಅವರು ಕುಳಿತ ಮೇಲೆ ಅವನೇ ಕೇಳಿದ.

“ನಮ್ಮ ಮಗು ತಡವಾಗಿ ಬಂದು ಆ ಹುಡುಗಿ ಕೊನೆಗೆ ಇದ್ದಿದ್ದರೂ ನೀನು ಇದನ್ನೇ ಮಾಡ್ತಿದ್ದೆಯಾ ಬಾಯಿ?”

“ಮಾಡ್ತಿದ್ದೆ.”

“ಅದು ನನಗೆ ಗೊತ್ತುಂಟು. ಅಂದೂ ಗೊತ್ತಿತ್ತು.” ಅವನು ಉಸಿರು ಎಳೆದುಕೊಂಡ. “ನನಗೆ ನೋವಾದದ್ದು ಸೀಟು ಹೋದದ್ದಕ್ಕೆ ಅಲ್ಲ. ನೀನು ನಮ್ಮ ಜೊತೆ ಕೋಳಿ ಊಟ ಮಾಡಿದೆ, ಪ್ರಾರ್ಥನೆ ಮಾಡಿದೆ. ನನಗೆ ಒಂದು ಮಾತು ಹೇಳಲಿಲ್ಲ. ನಾನು ಬೋರ್ಡು ನೋಡಿ ತಿಳಿಯಬೇಕಾಯಿತು.”

ರೋಸಲಿನ್ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕುಳಿತರು. “ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ,” ಎಂದರು. “ನೀನು ಬೇಡ ಅಂದ ಮೇಲೆ ನನಗೆ ಆಗುತ್ತಿರಲಿಲ್ಲ ಲಿಗೋರಿ.”

ಅವನು ಅದನ್ನು ಕೇಳಿ ಕಣ್ಣು ಮುಚ್ಚಿದ. ಮತ್ತೆ ತೆರೆದು, ಕಾಪುವಿಗೆ ಕೊನೆಯ ಬಸ್ಸು ಯಾವಾಗ ಎಂದು ಕೇಳಿದ. ಅವರು ಹೇಳಿದಾಗ, ಹೊತ್ತು ಉಂಟಲ್ಲ ಇನ್ನೂ, ಕೂತುಕೋ ಎಂದ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ. ಭಾನುವಾರ ಪೂಜೆ ಮುಗಿಸಿ ಅಕ್ಕ ಆ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಹಳೆಯ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಅವನು ತೀರಿಕೊಂಡ ಮೇಲೂ ಅವರು ಉದ್ಯಾವರಕ್ಕೆ ವಾಸಕ್ಕೆ ಬರಲಿಲ್ಲ. ಕೋಣೆ ಅಭ್ಯಾಸವಾಗಿಬಿಟ್ಟಿದೆ ಎಂದರು.

ಲಿಗೋರಿಯನ್ನು ಮಣ್ಣು ಮಾಡಿದ ದಿನ ಸಂಜೆ ಸೆವ್ರಿನ್ ಅತ್ತೆಯನ್ನು ಬಸ್ ಸ್ಟಾಪಿನ ತನಕ ಕಳಿಸಲು ಬಂದಳು. ರೋಸಲಿನ್ ಅವಳನ್ನು, ನಿನಗೆ ನನ್ನ ಮೇಲೆ ಬೇಸರ ಇತ್ತೋ ಎಂದು ಮೊದಲ ಸಲ ಕೇಳಿದರು.

“ಇತ್ತು ಆಂಟಿ,” ಎಂದಳು ಸೆವ್ರಿನ್. “ಈಗಲೂ ಸ್ವಲ್ಪ ಉಂಟು.”

ರೋಸಲಿನ್ ತಲೆಯಾಡಿಸಿದರು. ಬಸ್ಸು ಬರುವ ತನಕ ಸೆವ್ರಿನ್ ಅವರ ಕೈಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.