ಹಲ್ಲಿನ ನಡುವೆ ಎರಡು ಬೆರಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬೇರೇನೋ ಬರೆದು ಎದ್ದಿದ್ದೇನೆ. ಮದರಾಸಿನ ಸೆಕೆಯ ಬಗ್ಗೆ ಬರೆದೆ, ಸಂಜೆಯ ಕಡಲಗಾಳಿಯ ಬಗ್ಗೆ ಬರೆದೆ. ಒಂದು ಬೆಳಗನ್ನು ಮಾತ್ರ ದಾಟಿಕೊಂಡೇ ಬಂದೆ. ಈಗ ವಯಸ್ಸಾಗಿದೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗಿಬಿಡುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಪ್ಯಾರೀಸ್ ಕಾರ್ನರಿನ ಕಾಗದದ ಮಂಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ್ದೆ. ಊಟ, ವಾಸ ತ್ರಿಪ್ಲಿಕೇನಿನ ಅಕ್ಕನ ಮನೆಯಲ್ಲಿ. ಅಕ್ಕನ ಮನೆ ಎಂದೆ. ನಿಜಕ್ಕೂ ಅದು ಅವಳ ಅತ್ತೆಯ ಮನೆ. ಭಾವ ಬೆಳಗಾದರೆ ಆಫೀಸಿಗೆ ಹೋಗುವವರು, ಮಾತು ಕಡಿಮೆ. ಅತ್ತೆ ನಸುಕಿನಲ್ಲಿ ಮಿಂದು ಮಡಿಯುಟ್ಟರೆ ಪೂಜೆ ಮುಗಿಯುವ ತನಕ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ಆ ಮನೆಯಲ್ಲಿ ನಾನು ಹಂಗಿನವನು.

ಅಕ್ಕನಿಗೆ ಒಬ್ಬಳೇ ಮಗಳು, ಆರು ವರ್ಷದವಳು. ಅವಳನ್ನು ಕೀಲ್ಪಾಕ್ ಕಡೆಯ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಅಕ್ಕನಿಗೆ ಆಸೆ. ಅಕ್ಕನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದ್ದರು. ಬೀದಿಯ ಕೊನೆಯ ತಮಿಳು ಶಾಲೆಯೇ ಸಾಕೆನ್ನುತ್ತಿದ್ದ ಅತ್ತೆಯನ್ನು ಒಪ್ಪಿಸಲು ಅವಳು ವರ್ಷವಿಡೀ ಹಿಂದೆ ಮುಂದೆ ತಿರುಗಿದ್ದಳು. ಆ ಶಾಲೆಯವರು ಸೇರಿಸಿಕೊಳ್ಳುವ ಮೊದಲು ಮಗುವಿನ ಬಾಯಲ್ಲಿ ನಾಲ್ಕು ಚಿಕ್ಕ ಪದ ಓದಿಸಿ ನೋಡುತ್ತಿದ್ದರು.

"ನಿಮ್ಮ ಭಾವಂಗೆ ಪುರುಸೊತ್ತಿಲ್ಲ. ನೀನೇ ಹೇಳಿಕೊಡೋ," ಎಂದಳು ಅಕ್ಕ.

ಮಗು ಚುರುಕು. ಎಲ್ಲ ಬಂತು; ಕ್ಯಾಟ್, ಮ್ಯಾಪ್ ಎನ್ನುವಾಗಿನ ಆ ಗಿಡ್ಡ ಸ್ವರವೊಂದು ಬರಲಿಲ್ಲ. ಒಮ್ಮೆ ಬಾಯಿ ಅರ್ಧವೇ ತೆರೆದು "ಎ" ಎನ್ನುವಳು, ಒಮ್ಮೆ ರಾಗ ಎಳೆಯುವಳು. ನನ್ನ ಹೈಸ್ಕೂಲಿನ ಮೇಷ್ಟ್ರು ಕಲಿಸಿದ್ದ ಉಪಾಯ ಹೇಳಿಕೊಟ್ಟೆ: ಒಂದರ ಮೇಲೊಂದು ಎರಡು ಬೆರಳನ್ನು ಹಲ್ಲಿನ ನಡುವೆ ಇಟ್ಟು ಸ್ವರ ಹೊರಡಿಸಬೇಕು, ಬೆರಳು ತೆಗೆದ ಮೇಲೂ ದವಡೆ ಅಷ್ಟೇ ಇಳಿಯಬೇಕು. ಅವಳಿಗೆ ಜೊಲ್ಲು ಸುರಿಯಿತು, ನಗು ತಡೆಯಲಿಲ್ಲ.

"ಮಾಮ, ಇದು ಮೇಕೆಮರಿ ಸದ್ದು!"

"ಮೇಕೆಮರಿ ಎಳೆಯತ್ತೆ ಕಣೆ. ನೀನು ಸಟ್ಟಂತ ಬಿಟ್ಟುಬಿಡು."

ಅಂದಿನಿಂದ ಹಿತ್ತಲಲ್ಲಿ, ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ ಅವಳ ಬಾಯಲ್ಲಿ ಎರಡು ಬೆರಳು. ಅಕ್ಕ ಒಲೆಯ ಮುಂದೆ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿದು ತಾನೂ ಮೆಲ್ಲಗೆ ಹೇಳಿ ನೋಡುತ್ತಿದ್ದಳು.

ಸ್ನಾನವಾದ ಮೇಲೆ ಪೂಜೆಗೆ ತುಳಸಿ ಕಿತ್ತು ತಟ್ಟೆಯಲ್ಲಿಡುವುದು ಮಗುವಿನ ಕೆಲಸ. ಅವತ್ತು ಅಭ್ಯಾಸ ಮಾಡುತ್ತಲೇ ಕಿತ್ತಳು. ಬಾಯಿಂದ ತೆಗೆದ ಕೈ ನೇರ ತಟ್ಟೆಗೆ ಹೋದದ್ದನ್ನು ಅತ್ತೆ ಕಂಡರು.

"ಅಯ್ಯಯ್ಯೋ, ಎಂಜಲ ಕೈಲಿ ತುಳಸಿ ಮುಟ್ಟಿಬಿಟ್ಯಲ್ಲೇ! ಯಾರೇ ಹೇಳಿಕೊಟ್ರು ನಿಂಗೆ ಈ ದರಿದ್ರಾನ?"

ಮಗು ನನ್ನ ಕಡೆ ನೋಡಿತು. ನಾನು ಟವೆಲ್ಲು ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

"ನಾನೇ ಅತ್ತೆ. ನಾನೇ ಹೇಳಿಕೊಟ್ಟಿದ್ದು," ಎಂದಳು ಅಡುಗೆಮನೆಯಿಂದ ಬಂದ ಅಕ್ಕ.

"ಓಹೋ, ನಿನಗೆ ಇಂಗ್ಲಿಷ್ ಬೇರೆ ಬರತ್ತೋ? ನಿಮ್ಮಪ್ಪನ ಮನೇಲಿ ಎಂಜಲು ಮುಸುರೆ ಏನೂ ಕಲಿಸ್ಲೇ ಇಲ್ವೋ?"

ಅವಳ ಅಪ್ಪ ನನಗೂ ಅಪ್ಪ. ಆಗಲೂ ನಾನು ಬಾಯಿ ಬಿಡಲಿಲ್ಲ. ಆಗಿದ್ದ ನೈವೇದ್ಯವನ್ನೆಲ್ಲ ತೆಗೆಸಿದರು. ಅಕ್ಕ ಮತ್ತೆ ಮಿಂದು, ಒದ್ದೆ ಸೀರೆಯಲ್ಲಿ ಮೊದಲಿನಿಂದ ಅಡುಗೆಗಿಟ್ಟಳು. ಮಗು ಬಾಗಿಲ ಪಕ್ಕ ನಿಂತು ಅಮ್ಮನನ್ನೇ ನೋಡುತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಮಂಡಿಗೆ ಹೊರಟೆ.

ಮುಂದಿನ ವಾರ ಶಾಲೆಗೆ ನಾನೇ ಕರೆದುಕೊಂಡು ಹೋದೆ. ಟೀಚರಮ್ಮ ಒಂದು ಚೀಟಿ ತೋರಿಸಿ ನಗುತ್ತ ಕಾದರು. ಮಗುವಿನ ಕೈ ತುಟಿಯವರೆಗೆ ಏರಿ ನಿಂತಿತು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಹೋದವು. ಬಾಯಿ ಮುಚ್ಚಿಕೊಂಡಿತು. ಎಷ್ಟು ಕೇಳಿದರೂ ತೆರೆಯಲಿಲ್ಲ.

"ಇನ್ನೂ ಚಿಕ್ಕವಳು. ಬರುವ ವರ್ಷ ನೋಡೋಣ," ಎಂದರು ಅವರು.

ವಾಪಸ್ಸಾಗುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತ ಮಗು ಕೇಳಿತು: "ಮಾಮ, ಇಲ್ಲಿ ಹೇಳಿದ್ರೆ ಪಾಟಿ ಅಮ್ಮಂಗೆ ಬೈಯಲ್ವಾ?" ಅಜ್ಜಿಯನ್ನು ಅವಳು ತಮಿಳಿನಲ್ಲಿ ಪಾಟಿ ಎಂದೇ ಕರೆಯುತ್ತಿದ್ದಳು.

"ಇಲ್ಲಮ್ಮ."

ಬೆರಳಿಟ್ಟಳು, ತೆಗೆದಳು, ಒಂದೊಂದೇ ಪದ ಹೇಳಿದಳು. ಅಷ್ಟೂ ಸರಿಯಾಗಿತ್ತು. ಆಮೇಲೆ ಆ ಎರಡು ಒದ್ದೆ ಬೆರಳು ಲಂಗಕ್ಕೂ ಸೀಟಿಗೂ ತಗುಲದಂತೆ ಎತ್ತಿ ಹಿಡಿದುಕೊಂಡೇ ತ್ರಿಪ್ಲಿಕೇನಿನ ತನಕ ಬಂದಳು.

ಅಕ್ಕ ಬಾಗಿಲಲ್ಲೇ ಇದ್ದಳು. "ಏನಾಯ್ತೋ?"

"ಇವಳು ಬಾಯೇ ಬಿಡಲಿಲ್ಲ," ಎಂದೆ.

ಅಕ್ಕ ಚೊಂಬು ತಂದು ಮಗುವಿನ ಕೈಗೆ ನೀರು ಹಾಕಿದಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಮೊದಲ ಲೋಟ ಕಾಫಿ ನನಗೇ ಕೊಟ್ಟಳು. ಬರುವ ವರ್ಷದ ಮಾತನ್ನು ಅತ್ತೆ ಎತ್ತಗೊಡಲಿಲ್ಲ. ಮಗು ಬೀದಿಯ ಕೊನೆಯ ಶಾಲೆಯಲ್ಲೇ ಓದಿತು, ಚೆನ್ನಾಗಿಯೇ ಓದಿತು. ದೊಡ್ಡವಳಾದ ಮೇಲೆ ಅವಳ ಮುಂದೆ ಎಲ್ಲ ಹೇಳಿ ತಪ್ಪಾಯಿತು ಎಂದಾಗ ನಕ್ಕಳು. ಅವಳಿಗೆ ಮೇಕೆಮರಿಯೊಂದೇ ನೆನಪು.

ತಪ್ಪಾಯಿತು ಎನ್ನಬೇಕಾಗಿದ್ದ ಇನ್ನೊಬ್ಬಳ ಕಡೆಯ ಕಾಯಿಲೆಯಲ್ಲಿ ಅವಳ ಹಾಸಿಗೆಯ ಪಕ್ಕದಲ್ಲೂ ನಾನು ಕೂತಿದ್ದೆ. ಕಿಟಕಿ ಮುಚ್ಚಲೇ, ನೀರು ಬೇಕೇ ಎಂದೆಲ್ಲ ಕೇಳಿದೆ. ಕೇಳಬೇಕಾದದ್ದನ್ನು ಕೇಳಲಿಲ್ಲ. ಅವಳು ನನ್ನ ಅಕ್ಕ.